ಹೊರೆ ಇದ್ದವರಿಗೆ ದಾರಿ

ಸಮುದ್ರದ ಮೇಲೆ ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಸ್ಕಾಲೆತ್ತಾ ಊರಿನ ಮೆಟ್ಟಿಲುಗಳ ಮೇಲೆ ಬೆಕ್ಕುಗಳನ್ನು ಬಿಟ್ಟರೆ ಓಡಾಡುತ್ತಿರುವ ಊರಿನವರು ಕತೆಲ್ಲೊ ಒಬ್ಬರೇ. ಎಡ ಹೆಗಲ ಮೇಲೆ ಮಡಿಸಿದ ಗೋಣಿತಟ್ಟು, ಅದರ ಮೇಲೆ ಬೂದು ಬಣ್ಣದ ದೊಡ್ಡ ಸೂಟ್‌ಕೇಸು, ಬಲಗೈಯಲ್ಲಿ ಇನ್ನೊಂದು. ಎರಡಕ್ಕೂ ಚಕ್ರಗಳಿವೆ. ಅವನ್ನು ಉರುಳಿಸಲು ಈ ಊರಿನಲ್ಲಿ ಒಂದು ಮಾರು ಸಮತಟ್ಟಾದ ನೆಲವಿಲ್ಲ, ಹಾಗಾಗಿ ಚಕ್ರದ ಭಾರವೂ ಕತೆಲ್ಲೊ ಅವರ ಲೆಕ್ಕಕ್ಕೇ ಸೇರುತ್ತದೆ. ಅವರು ಒಂದು ಪಕ್ಕಕ್ಕೆ ತಿರುಗಿ ಇಳಿಯುತ್ತಾರೆ. ನೇರ ಇಳಿದರೆ ಮೊಣಕಾಲು ಒಪ್ಪುವುದಿಲ್ಲ. ಸೂಟ್‌ಕೇಸಿನ ಒಡೆಯರು, ಗಂಡ ಹೆಂಡತಿ, ಆಕಳಿಸುತ್ತ ಹಿಂದೆ ಬರುತ್ತಿದ್ದಾರೆ. ತಿರುವಿಗೊಮ್ಮೆ ನಿಂತು ಸಮುದ್ರದ ಫೋಟೊ ತೆಗೆಯುತ್ತಾರೆ. ಅವರು ನಿಂತಾಗಲೆಲ್ಲ ಕತೆಲ್ಲೊ ಕೂಡ ನಿಲ್ಲಬೇಕು, ಹೊರೆ ಇಳಿಸದೆ.

ಕೆಳಗೆ ಮೊದಲ ದೋಣಿ ಹೊರಟ ಮೇಲೆ ಅವರು ಬೇಕರಿಯಿಂದ ಒಂದು ಬ್ರೆಡ್ಡು ತೆಗೆದುಕೊಳ್ಳುತ್ತಾರೆ. ತೆಗೆದುಕೊಂಡು ಮೇಲಿನ ಮೆಟ್ಟಿಲುಗಳ ಕಡೆ ಒಂದು ಹೆಜ್ಜೆ ಇಟ್ಟು ತಡೆಯುತ್ತಾರೆ. ಆ ಬ್ರೆಡ್ಡನ್ನು ನಾಲ್ಕು ವರ್ಷದಿಂದ ದಿನಾ ಬೆಳಿಗ್ಗೆ ಊರಿನ ತುತ್ತತುದಿಯ ಮನೆಗೆ ಮುಟ್ಟಿಸುತ್ತಿದ್ದರು. ಈ ಆಗಸ್ಟ್‌ನಿಂದ ಅಲ್ಲಿ ಅದನ್ನು ತಿನ್ನುವವರಿಲ್ಲ. ಕಾಲು ಇನ್ನೂ ಆ ಕಡೆಗೇ ತಿರುಗುತ್ತದೆ ಎಂದು ಅವರು ಹೇಳಿಕೊಳ್ಳುತ್ತಾರೆ.

ಇಟಲಿಯ ಅಮಾಲ್ಫಿ ಕರಾವಳಿಯ ಊರುಗಳ ಚೆಲುವನ್ನು ಹೊಗಳುವವರಿಗೆ ಬರವಿಲ್ಲ. ಬೆಟ್ಟಕ್ಕೆ ಅಂಟಿಕೊಂಡ ಮನೆಗಳು, ನಿಂಬೆ ತೋಟ, ಕಡುನೀಲಿ ನೀರು, ಸಾವಿರ ವರ್ಷದ ಚರ್ಚು. ಆ ಚೆಲುವಿನ ನಡುವೆ ಒಂದು ಗ್ಯಾಸ್ ಸಿಲಿಂಡರ್ ಮೇಲಿನ ಮನೆಗೆ ಹೇಗೆ ಹೋಗುತ್ತದೆ ಎಂದು ಯಾರೂ ಕೇಳಿದ್ದಿಲ್ಲ. ಅದು ಕತೆಲ್ಲೊ ಅವರ ಹೆಗಲ ಮೇಲೆ ಹೋಗುತ್ತದೆ. ಬಟ್ಟೆ ಒಗೆಯುವ ಯಂತ್ರ, ಸಿಮೆಂಟಿನ ಚೀಲ, ನೀರಿನ ಬಾಟಲಿಗಳ ಕಟ್ಟು, ಕಾಲು ಮುರಿದುಕೊಂಡ ಮುದುಕರು, ಎಲ್ಲವೂ ಹಾಗೆಯೇ. ಬೇಸಿಗೆಯಲ್ಲಿ ದಿನಕ್ಕೆ ಇಪ್ಪತ್ತು, ಇಪ್ಪತ್ತೈದು ಸೂಟ್‌ಕೇಸು. ಮೆಟ್ಟಿಲು ಒಟ್ಟು ಎಷ್ಟು ಎಂದು ಬಂದವರೆಲ್ಲ ಕೇಳುತ್ತಾರೆ. “ಎಣಿಸೋರು ಹೊರಲ್ಲ, ಹೊರೋರು ಎಣಿಸಲ್ಲ” ಎನ್ನುವುದು ಅವರ ಸಿದ್ಧ ಉತ್ತರ.

ಅರವತ್ತೊಂದರ ಕತೆಲ್ಲೊ ಹೊರೆಗೇ ಹುಟ್ಟಿದವರು. ಅವರ ತಾಯಿ ನಿಂಬೆ ಹೊರುವವಳು. ಆ ಕಾಲದಲ್ಲಿ ಬೆಟ್ಟದ ಮೇಲಿನ ತೋಟಗಳಿಂದ ದಡದ ಹಡಗಿನವರೆಗೆ ನಿಂಬೆಹಣ್ಣನ್ನು ಇಳಿಸುತ್ತಿದ್ದವರು ಹೆಂಗಸರೇ. ತಮ್ಮ ಮೈಭಾರಕ್ಕಿಂತ ಹೆಚ್ಚಿನ ಬುಟ್ಟಿಯನ್ನು ಬೆನ್ನಿಗೇರಿಸಿ, ಬರಿಗಾಲಲ್ಲಿ, ಒಬ್ಬರ ಹಿಂದೊಬ್ಬರು. ಮೆಟ್ಟಿಲುಗಳಿಗೆ ಆಗ ಒಂದು ಕಟ್ಟಳೆ ಇತ್ತು: ಹೊರೆ ಇದ್ದವರಿಗೆ ದಾರಿ. ಬರಿಗೈಯವರು, ಅವರು ಪಾದ್ರಿಯೇ ಇರಲಿ ಜಮೀನುದಾರನೇ ಇರಲಿ, ಗೋಡೆಗೆ ಒತ್ತಿ ನಿಲ್ಲಬೇಕು. ಇಬ್ಬರ ಮೇಲೂ ಹೊರೆ ಇದ್ದರೆ ಸಣ್ಣ ಹೊರೆಯವರು ನಿಲ್ಲಬೇಕು. ಕತೆಲ್ಲೊ ಅವರ ತಾಯಿ ಬೇಗ ಹೋದಳು. ಅವಳ ಜತೆಯಲ್ಲೇ ಹೊರುತ್ತಿದ್ದ ಗೆಳತಿ ತ್ರೊಫಿಮೆನಾ ಉಳಿದಳು. ತಾಯಿಯಿಲ್ಲದ ಹುಡುಗನಿಗೆ ಒಣ ಬ್ರೆಡ್ಡನ್ನು ನೀರಲ್ಲಿ ನೆನೆಸಿ, ಮೇಲೆ ಟೊಮೆಟೊ ಹಿಚುಕಿ ಕೊಟ್ಟವಳು ಅವಳೇ. ಕತೆಲ್ಲೊ ಅವಳನ್ನು ಚಿಕ್ಕಮ್ಮ ಎಂದೇ ಕರೆದರು.

ಕತೆಲ್ಲೊ ಹೊರುವುದು ಸೂಟ್‌ಕೇಸುಗಳನ್ನು ಮಾತ್ರವಲ್ಲ. ಈ ಊರಿನಲ್ಲಿ ಯಾರು ಸತ್ತರೂ ಅವರನ್ನು ದಡದ ಚರ್ಚಿಗೆ ಇಳಿಸಬೇಕಾದದ್ದು ಇದೇ ಮೆಟ್ಟಿಲುಗಳ ಮೇಲೆ, ನಾಲ್ಕು ಹೆಗಲ ಮೇಲೆ. ಹೇಸರಗತ್ತೆಯ ಮೇಲೆ ಏನನ್ನಾದರೂ ಹೇರಬಹುದು, ಹೆಣವನ್ನು ಹೇರುವಂತಿಲ್ಲ. ಹಿಂದೆ ಹೆಗಲು ಕೊಡಲು ಜನ ನಾಮುಂದು ತಾಮುಂದು ಎಂದು ಬರುತ್ತಿದ್ದರು. ಈಗ ಉಳಿದಿರುವುದು ಸರಿಯಾಗಿ ನಾಲ್ವರು: ಪ್ರವಾಸಿಗರ ದೋಣಿ ನಡೆಸುವ ಪಂತಲೆಯೋನೆ, ಬೇಕರಿಯ ಫೊರ್ತುನಾತೊ, ಹೋಟೆಲಿನ ಅಡುಗೆಯ ಸಬಾತೊ ಮತ್ತು ಕತೆಲ್ಲೊ. ಮಿಕ್ಕವರು ಮನೆಗಳನ್ನು ಬಾಡಿಗೆ ಕೋಣೆ ಮಾಡಿ, ಬಾಗಿಲ ಪಕ್ಕ ಬೀಗದ ಕೈಯಿಡುವ ಪುಟ್ಟ ಡಬ್ಬಿ ತೂಗುಹಾಕಿ, ಬಸ್ಸು ಹೋಗುವ ಊರುಗಳಿಗೆ ಇಳಿದುಹೋಗಿದ್ದಾರೆ.

ಈ ವರ್ಷ ವಸಂತದಲ್ಲಿ ಊರಿನ ಸಭೆಯೊಂದು ನಡೆಯಿತು. ಬಾಡಿಗೆ ಕೋಣೆಗಳವರ ಪರವಾಗಿ ಮಾತಾಡಿದವರು ಒರೆಸ್ತೆ. ಅವರು ಕತೆಲ್ಲೊ ಅವರ ಜತೆ ಒಂದೇ ಬೆಂಚಿನಲ್ಲಿ ಕೂತು ಓದಿದವರು, ಕೆಟ್ಟವರೇನಲ್ಲ. ರಜೆಗೆಂದು ಬಂದವರಿಗೆ ತಿಂಡಿಯ ಹೊತ್ತಿನಲ್ಲಿ ಶವಯಾತ್ರೆ ಎದುರಾದರೆ ಮನಸ್ಸು ಕೆಡುತ್ತದೆ, ಹಾಗಾಗಿ ಬೇಸಿಗೆಯಲ್ಲಿ ಹೆಣಗಳನ್ನು ನಸುಕಿನಲ್ಲೇ, ಗಂಟೆ ಬಾರಿಸದೆ ಇಳಿಸೋಣ ಎಂದರು. ಎಲ್ಲರೂ ಒಪ್ಪಿದರು, ಎಲ್ಲರ ಅನ್ನವೂ ಬಂದವರಿಂದಲೇ. ಒರೆಸ್ತೆ ಇನ್ನೊಂದು ಸಲಹೆಯನ್ನೂ ಸೇರಿಸಿದರು. ತೀರಾ ಮೇಲಿನ ಮನೆಗಳಿಗಾದರೆ ನಿಂಬೆಹಣ್ಣು ಇಳಿಸಲು ಹಾಕಿರುವ ತಂತಿಯ ದಾರಿ ಇದೆಯಲ್ಲ, ಅದರ ತೊಟ್ಟಿಲಲ್ಲಿ ಪೆಟ್ಟಿಗೆ ಇಟ್ಟರೆ ಎರಡು ನಿಮಿಷದಲ್ಲಿ ದಡ, ಯಾರ ಹೆಗಲಿಗೂ ತೊಂದರೆಯಿಲ್ಲ.

ತೀರಾ ಮೇಲಿನ ಮನೆಯಲ್ಲಿ ಇದ್ದವಳು ತ್ರೊಫಿಮೆನಾ ಒಬ್ಬಳೇ. ಎಂಬತ್ತೆಂಟು ದಾಟಿತ್ತು, ಸೊಂಟ ಬಿದ್ದು ನಾಲ್ಕು ವರ್ಷದಿಂದ ಹೊಸ್ತಿಲು ದಾಟಿರಲಿಲ್ಲ, ಆದರೆ ಕಿವಿ ಚುರುಕಾಗಿತ್ತು. ಮರುದಿನ ಬ್ರೆಡ್ಡು ತಂದ ಕತೆಲ್ಲೊ ಅವರನ್ನು ಕೂರಿಸಿಕೊಂಡು ಕೇಳಿದಳು.

“ನಾನೇನು ನಿಂಬೆಹಣ್ಣೇನೋ, ತಂತೀಲಿ ಕಳಿಸೋಕೆ?”

ಕತೆಲ್ಲೊ ನಕ್ಕರಂತೆ. ಅವಳು ನಗಲಿಲ್ಲ. ಊರು ಹೋಗು ಅಂತಿದೆ, ಕಾಡು ಬಾ ಅಂತಿದೆ, ಹೋಗೋದಕ್ಕೆ ನನ್ನ ತಕರಾರಿಲ್ಲ, ಹೇಗೆ ಹೋಗಬೇಕು ಅನ್ನೋದಕ್ಕೆ ಇದೆ ಎಂದಳು. ನಸುಕಿನಲ್ಲಿ ಕಳ್ಳಮಾಲು ಸಾಗಿಸುವ ಹಾಗೆ ತನ್ನನ್ನು ಇಳಿಸಕೂಡದು. ಬೆಳಿಗ್ಗೆ ಹತ್ತಕ್ಕೆ, ದೋಣಿಗಳೆಲ್ಲ ಬಂದು ಮೆಟ್ಟಿಲು ತುಂಬಿರುವಾಗ, ಚರ್ಚಿನ ಗಂಟೆ ಬಾರಿಸಿಕೊಂಡು ಇಳಿಸಬೇಕು.

“ಆ ಜನ ನಿನ್ನ ಹೆಸರೂ ಕಾಣರು ಚಿಕ್ಕಮ್ಮ. ಅವರ ಮುಂದೆ ಯಾಕೆ?” ಎಂದರು ಕತೆಲ್ಲೊ.

“ಹೆಸರು ಯಾರಿಗೆ ಬೇಕು? ಈ ಮೆಟ್ಟಿಲ ಮೇಲೆ ನಾನು ಹೊರೆ ಹೊತ್ತಾಗ ಎಲ್ಲಾರೂ ಗೋಡೆಗೆ ನಿಂತೋರು. ಆಮೇಲೆ ಹೊರೆ ಹೋಯ್ತು, ನಾನು ಗೋಡೆಗೆ ನಿಂತೆ. ಈಗ ಕೊನೇ ಸಲ ನಾನೇ ಹೊರೆ. ಒಂದ್ಸಲ ದಾರಿ ಬಿಡ್ಲಿ. ಮಾತು ಕೊಡು.”

ಕತೆಲ್ಲೊ ಮಾತು ಕೊಟ್ಟರು. ಆಗ ಏಪ್ರಿಲ್, ಅವಳು ಗಟ್ಟಿಯಾಗಿದ್ದಳು, ಮುಂದಿನ ಚಳಿಗಾಲವನ್ನೂ ದಾಟುತ್ತಾಳೆ ಎಂದುಕೊಂಡಿದ್ದರು. ಅಕ್ಟೋಬರ್ ಕಳೆದರೆ ನಿಯಮವೂ ಇಲ್ಲ, ಜನವೂ ಇಲ್ಲ, ಹತ್ತಕ್ಕೇ ಇಳಿಸಿದರೂ ಕೇಳುವವರಿಲ್ಲ ಎಂಬ ಲೆಕ್ಕವೂ ಒಳಗೊಳಗೆ ಇತ್ತು.

ತ್ರೊಫಿಮೆನಾ ಆಗಸ್ಟ್ ನಡುವೆ, ಚರ್ಚಿನ ಮಾತೆಯ ಹಬ್ಬದ ವಾರದಲ್ಲಿ ಹೋದಳು. ಇಡೀ ವರ್ಷದಲ್ಲಿ ಈ ಊರಿಗೆ ಕಾಲಿಡಲು ಜಾಗವಿಲ್ಲದ ವಾರ ಅದು. ಬೆಳಿಗ್ಗೆ ಬ್ರೆಡ್ಡು ಹಿಡಿದು ಹೋದ ಕತೆಲ್ಲೊ ಅವರೇ ಅವಳ ಕಣ್ಣು ಮುಚ್ಚಿಸಿದರು. ಸೆಕೆಗೆ ಹೆಣ ತಡೆಯುವುದಿಲ್ಲ, ಮರುದಿನವೇ ಇಳಿಸಬೇಕಿತ್ತು.

ಆ ಸಂಜೆ ಅವರು ಮೂರು ಬಾಗಿಲು ತಟ್ಟಿದರು. ಹತ್ತಕ್ಕೆ ತನ್ನ ದೋಣಿಯ ತುಂಬ ಜನ ಕೂತಿರುತ್ತಾರೆ ಎಂದ ಪಂತಲೆಯೋನೆ. ಸತ್ತವಳು ಕಾಯುತ್ತಾಳೆ, ದುಡ್ಡು ಕೊಟ್ಟವರು ಕಾಯುವುದಿಲ್ಲ. ಹಬ್ಬದ ವಾರದಲ್ಲಿ ಬೇಕರಿಯ ಒಲೆ ಬಿಟ್ಟು ಬಂದರೆ ಊರೆಲ್ಲ ಉಪವಾಸ ಎಂದ ಫೊರ್ತುನಾತೊ. ಸಬಾತೊ ಅತ್ತುಬಿಟ್ಟ. ಹೋಟೆಲಿನವರು ನಸುಕಿನಲ್ಲಿ ಒಂದು ಗಂಟೆ ಬಿಡುತ್ತಾರೆ, ಹತ್ತಕ್ಕೆ ಬಿಟ್ಟುಹೋದರೆ ಮತ್ತೆ ಬರಬೇಡ ಎನ್ನುತ್ತಾರೆ. ಯಾರೂ ಸುಳ್ಳು ಹೇಳಲಿಲ್ಲ, ಅದೇ ಕಷ್ಟ. ಈ ಭಾಗವನ್ನು ಹೇಳುವಾಗ ಕತೆಲ್ಲೊ ಗೋಣಿತಟ್ಟನ್ನು ಬಿಚ್ಚಿ ಮಡಿಸಿ, ಮತ್ತೆ ಬಿಚ್ಚಿ ಮಡಿಸುತ್ತಾರೆ.

“ಹತ್ತಕ್ಕೆ ನಂಗೂ ಸೂಟ್‌ಕೇಸಿತ್ತು. ಒರೆಸ್ತೆ ಮನೆಗೆ ಬರೋರದು, ಎಂಟು. ಮೂರನೆಯವನೂ ಆಗಲ್ಲ ಅಂದಾಗ, ನಿಜ ಹೇಳ್ತೀನಿ, ಒಳಗೆ ಸ್ವಲ್ಪ ಹಗುರ ಆಯ್ತು. ಅದು ಇನ್ನೂ ಇಲ್ಲಿ ಕೂತಿದೆ” ಎಂದು ಎದೆಯನ್ನಲ್ಲ, ಹೆಗಲನ್ನು ಮುಟ್ಟಿ ತೋರಿಸುತ್ತಾರೆ.

ಹೀಗೆ ತ್ರೊಫಿಮೆನಾ ನಸುಕಿನಲ್ಲೇ ಇಳಿದಳು. ಹೊತ್ತವರು ನಾಲ್ವರು, ಹಿಂದೆ ಕತೆಲ್ಲೊ ಅವರ ಹೆಂಡತಿ ಅಸ್ಸುಂತಾ, ಪಾದ್ರಿ, ಇನ್ನು ನಾಲ್ಕೈದು ಮುದುಕಿಯರು. ಗಂಟೆಯಿಲ್ಲ. ಮಾತಾಡದೆ, ಹೆಜ್ಜೆ ಸದ್ದಾಗದಂತೆ ಇಳಿದರು. ಸಾವಿಗೆ ಈ ಊರಿನಲ್ಲಿ ಒಂದು ಮರ್ಯಾದೆ ಇದೆ: ಪೆಟ್ಟಿಗೆ ಹಾದುಹೋಗುವಾಗ ದಾರಿಯ ಎರಡೂ ಬದಿಯ ಮನೆಗಳವರು ಕಿಟಕಿ ಬಾಗಿಲು ಮುಚ್ಚುತ್ತಾರೆ, ಅಂಗಡಿಯವರು ಶಟರ್ ಅರ್ಧಕ್ಕೆ ಎಳೆಯುತ್ತಾರೆ. ಅಂದು ಮೇಲಿನಿಂದ ದಡದವರೆಗೆ ಒಂದು ಕಿಟಕಿಯೂ ತೆರೆದಿರಲಿಲ್ಲ. ಕತೆಲ್ಲೊ ತಲೆಯೆತ್ತಿ ನೋಡಿ, ಪರವಾಗಿಲ್ಲ, ಊರಿಗೆ ಇನ್ನೂ ನೆನಪಿದೆ ಎಂದು ಒಂದು ಗಳಿಗೆ ಹಿಗ್ಗಿದರು. ಆಮೇಲೆ ಕಿಟಕಿಗಳ ಕೆಳಗೆ ಏಸಿಗಳ ಗುಂಯ್‌ಗುಡುವಿಕೆ ಕೇಳಿಸಿತು. ಒಳಗೆ ಪ್ರವಾಸಿಗರು ನಿದ್ದೆ ಮಾಡುತ್ತಿದ್ದರು.

ಅರ್ಧ ದಾರಿಯ ಪುಟ್ಟ ಚೌಕದಲ್ಲಿ ನೀರಿನ ನಲ್ಲಿಯ ಪಕ್ಕ ಹೊರೆ ಇಳಿಸುವ ಕಲ್ಲು ಇದೆ. ನಿಂಬೆ ಹೊರುವವರು ದಣಿವಾರಿಸಿಕೊಳ್ಳುತ್ತಿದ್ದದ್ದು ಅಲ್ಲಿ. ಹೆಣವನ್ನೂ ಅಲ್ಲಿ ಒಮ್ಮೆ ಇಳಿಸಿ ಹೆಗಲು ಬದಲಿಸುತ್ತಾರೆ. ಅಂದು ಅದರ ಮೇಲೆ ರಾತ್ರಿಯ ಪ್ಲಾಸ್ಟಿಕ್ ಲೋಟಗಳು, ಅರ್ಧ ತಿಂದ ಪಿಜ್ಜಾ. ಅಸ್ಸುಂತಾ ಅವನ್ನು ಬಾಚಿ ತೆಗೆದಳು, ಸಬಾತೊ ಹೆಗಲ ಪೆಟ್ಟಿಗೆಯನ್ನು ಒಂದು ಕೈಯಲ್ಲಿ ಹಿಡಿದೇ ಇನ್ನೊಂದರ ಅಂಗಿತೋಳಿನಿಂದ ಕಲ್ಲು ಒರೆಸಿದ. ಅಲ್ಲಿಂದ ಕೆಳಗೆ ಓಟದ ಬಟ್ಟೆ ತೊಟ್ಟ ಒಬ್ಬ ಪ್ರವಾಸಿ ಎದುರಾದ, ಬೆವರುತ್ತ ಮೆಟ್ಟಿಲು ಹತ್ತಿ ಬರುತ್ತಿದ್ದ. ಪೆಟ್ಟಿಗೆ ಕಂಡದ್ದೇ ಕಿವಿಗೆ ಸಿಕ್ಕಿಸಿಕೊಂಡಿದ್ದನ್ನು ಕಿತ್ತು, ಟೋಪಿ ತೆಗೆದು, ಗೋಡೆಗೆ ಬೆನ್ನೊತ್ತಿ ನಿಂತ. ಎಲ್ಲರೂ ದಾಟುವವರೆಗೆ ಅಲ್ಲಾಡಲಿಲ್ಲ. “ಯಾವ ದೇಶದೋನೋ ಏನೋ. ಚಿಕ್ಕಮ್ಮಂಗೆ ದಾರಿ ಬಿಟ್ಟೋನು ಅವನೊಬ್ಬ” ಎನ್ನುತ್ತಾರೆ ಕತೆಲ್ಲೊ. ಅವನ ಮುಖ ನೆನಪಿಟ್ಟುಕೊಂಡು ಹಬ್ಬ ಮುಗಿಯುವವರೆಗೂ ಹುಡುಕಿದರು. ಸಿಕ್ಕಿದ್ದರೆ ಅವನ ಸಾಮಾನನ್ನು ಬಿಟ್ಟಿ ಹೊರಬೇಕೆಂದಿತ್ತು.

ಅಂದು ಹತ್ತಕ್ಕೆ ಕತೆಲ್ಲೊ ಅವೇ ಮೆಟ್ಟಿಲು ಹತ್ತುತ್ತಿದ್ದರು, ಎಂಟು ಸೂಟ್‌ಕೇಸುಗಳನ್ನು ನಾಲ್ಕು ಸುತ್ತಿನಲ್ಲಿ. ದಾರಿ, ದಾರಿ ಎಂದು ಕೂಗುತ್ತ. ಹೊರೆ ಕಂಡರೂ ಜನ ಸರಿಯುವುದಿಲ್ಲ. ಕೈಯೆತ್ತಿ ಫೋನು ಹಿಡಿಯುತ್ತಾರೆ. ಗೋಡೆಗೆ ಒತ್ತಿ ನಿಲ್ಲುವವರು ಈಗ ಕತೆಲ್ಲೊ ಅವರೇ, ಹೆಗಲ ಮೇಲೆ ಹೊರೆ ಇಟ್ಟುಕೊಂಡೇ. ಈ ಊರು ನೋಡಲು ಅಷ್ಟು ದೂರದಿಂದ ಬಂದವರ ಮೇಲೆ ಸಿಟ್ಟು ಮಾಡಿ ಏನು ಬಂತು? ಅವರಿಗೆ ಕಟ್ಟಳೆ ಹೇಳಿಕೊಡಬೇಕಾದ ಊರಿನವರು ಹೋಟೆಲಿನಲ್ಲಿ ತಟ್ಟೆ ತೊಳೆಯುತ್ತಿದ್ದಾರೆ.

ಈಗ ಸೆಪ್ಟೆಂಬರ್ ಕೊನೆ. ತ್ರೊಫಿಮೆನಾಳ ಮನೆಯನ್ನು ಅವಳ ತಂಗಿಯ ಮಗ ಬಾಡಿಗೆ ಕೋಣೆ ಮಾಡಲು ಒರೆಸ್ತೆಗೆ ಕೊಟ್ಟಿದ್ದಾನೆ. ಹೊಸ ಹಾಸಿಗೆ, ಗೋಡೆಗನ್ನಡಿ, ಕೈತೊಳೆಯುವ ಬೇಸಿನ್ನು ಮೇಲಕ್ಕೆ ಹೋಗುತ್ತಿವೆ, ಕತೆಲ್ಲೊ ಅವರ ಹೆಗಲ ಮೇಲೆಯೇ. ಅವಳ ನಿಂಬೆಯ ಬುಟ್ಟಿಯನ್ನು ಒರೆಸ್ತೆ ಅಂದಕ್ಕೆಂದು ಬಾಗಿಲ ಬಳಿ ನೇತುಹಾಕಿದ್ದಾರೆ, ಒಳಗೆ ಒಣಹೂವು ತುಂಬಿ.

ಸಂಜೆ ಅಸ್ಸುಂತಾ ಬಿಸಿ ವಿನೆಗರ್‌ನಲ್ಲಿ ಬಟ್ಟೆ ಅದ್ದಿ ಗಂಡನ ಹೆಗಲಿಗೆ ಶಾಖ ಕೊಡುತ್ತಾಳೆ. ಅವಳೂ ದಿನವಿಡೀ ಬಾಡಿಗೆ ಕೋಣೆಗಳ ಹಾಸಿಗೆ ಬದಲಿಸಿ ಬಂದವಳು, ನಾಲಿಗೆ ಮಾತ್ರ ದಣಿದಿಲ್ಲ. ಮುಂದಿನ ವರ್ಷ ಊರಿಗೆ ಲಿಫ್ಟ್ ಹಾಕಿಸುತ್ತಾರಂತೆ, ಆಮೇಲೆ ನಿಮಗೆ ಏನು ಆಸೆ ಎಂದು ನಾನು ಕತೆಲ್ಲೊ ಅವರನ್ನು ಕೇಳಿದರೆ, ಅವಳೇ ನಡುವೆ ಬಾಯಿ ಹಾಕುತ್ತಾಳೆ.

“ಇವರಿಗೇನು ಆಸೆ! ಊರಲ್ಲಿ ಹೆಗಲು ಕೊಡೋರೇ ನಾಲ್ಕು ಜನ, ನಾಲ್ಕನೆಯವರು ಇವರು. ಇವರು ಹೋದ ದಿನ ಇವರನ್ನ ಹೊರೋಕೆ ನಾಲ್ಕನೆಯೋನು ಎಲ್ಲಿಂದ ಬರ್ತಾನೆ, ಕೇಳಿ.”

ಕತೆಲ್ಲೊ ಹೆಗಲ ಮೇಲಿನ ಬಟ್ಟೆಯನ್ನು ತಾವೇ ಒತ್ತಿಕೊಳ್ಳುತ್ತಾರೆ. ಕೆಳಗೆ ದಿನದ ಕೊನೆಯ ದೋಣಿ ದಡ ಬಿಡುತ್ತಿದೆ.

“ಜನವರೀಲಿ ಹೋಗ್ತೀನಿ ಬಿಡು. ಆಗ ದೋಣಿ ಇರಲ್ಲ, ಹೋಟೆಲ್ ಮುಚ್ಚಿರುತ್ತೆ, ಒರೆಸ್ತೆಗೂ ಕೆಲಸ ಇರಲ್ಲ. ಅವನು ಹೆಗಲು ಕೊಡ್ತಾನೆ. ಹತ್ತು ಗಂಟೆಗೇ ಇಳಿಸಬಹುದು.”