ಮರದ ಪರವಾಗಿ ಮಾತಾಡಿದವಳು

ಕಾಯಿ ಬಿಡದ ಮರವನ್ನು ಹೆದರಿಸಿದರೆ ಬಿಡುತ್ತದೆ ಎಂದು ನಮ್ಮ ಸುಳ್ಯದ ಕಡೆ ನಂಬುತ್ತಿದ್ದರು. ನಾನೂ ನಂಬಿದ್ದೆ. ಕೆಲವರು ಅಂಥ ಮರಕ್ಕೆ ಹಳೆಯ ಚಪ್ಪಲಿ ಕಟ್ಟುತ್ತಿದ್ದರು, ಕೆಲವರು ಗ್ರಹಣ ಹಿಡಿದ ಹೊತ್ತಿನಲ್ಲಿ ಒನಕೆಯಿಂದ ಬಡಿಯುತ್ತಿದ್ದರು. ನಮ್ಮ ಮನೆಯ ಕ್ರಮ ಸ್ವಲ್ಪ ದೊಡ್ಡದು. ಒಬ್ಬರು ಕೊಡಲಿ ಹಿಡಿದು ಮರದ ಮುಂದೆ ನಿಂತು "ಕಾಯಿ ಬಿಡ್ತಿಯಾ, ಕಡಿಯುದಾ?" ಎಂದು ಮೂರು ಸಲ ಕೇಳಬೇಕು. ಇನ್ನೊಬ್ಬರು ಮರದ ಹಿಂದೆ ಅಡಗಿ ನಿಂತು, ಮರದ ಪರವಾಗಿ "ಕಡಿಬೇಡಿ, ಬರುವ ವರ್ಷ ಬಿಡ್ತೇನೆ" ಎಂದು ಮೂರು ಸಲ ಮಾತು ಕೊಡಬೇಕು. ಆಮೇಲೆ ಹೆದರಿದ ಮರಕ್ಕೆ ಸಮಾಧಾನ ಮಾಡುವುದು: ಬುಡಕ್ಕೆ ಅರಶಿನದ ನೀರು, ಬಾಳೆಲೆಯಲ್ಲಿ ಭತ್ತ ಹುರಿದ ಹೊದ್ಲು, ಬೆಲ್ಲ, ಒಡೆದ ತೆಂಗಿನಕಾಯಿ. ಹೊಡೆದು ಉಣ್ಣಿಸುವ ಈ ವಿದ್ಯೆಯನ್ನು ನಮ್ಮ ಹಿರಿಯರು ಮೊದಲು ಮರಗಳ ಮೇಲೆ ಕಲಿತರೋ, ಸೊಸೆಯಂದಿರ ಮೇಲೆ ಕಲಿತರೋ, ನನಗೆ ಗೊತ್ತಿಲ್ಲ.

ಸಾಮಾನ್ಯವಾಗಿ ಇದೆಲ್ಲ ತಮಾಷೆಯಲ್ಲಿಯೇ ಮುಗಿಯುತ್ತಿತ್ತು. ಒಂದು ವರ್ಷ ತೆಂಗಿನ ಪರವಾಗಿ ನಿಂತ ನೆರೆಮನೆಯ ಅಜ್ಜ, "ಮೊದಲು ಸ್ವಲ್ಪ ಗೊಬ್ಬರ ಹಾಕಿ ಮಾರಾಯ್ರೆ, ಮತ್ತೆ ಕೇಳಿ" ಎಂದು ಉತ್ತರ ಕೊಟ್ಟು ಎಲ್ಲರನ್ನೂ ನಗಿಸಿದ್ದರು. ಎಂಬತ್ತನೇ ಇಸವಿಯ ದೊಡ್ಡ ಸೂರ್ಯಗ್ರಹಣದ ದಿನ ನಮ್ಮ ಮನೆಯಲ್ಲಿ ನಡೆದದ್ದು ಬೇರೆ. ಅಂದು ಕೊಡಲಿ ಹಿಡಿದವಳು ನಾನು.

ಅರಂತೋಡಿನ ಹತ್ತಿರದ ಆ ಮನೆಗೆ ನಾನು ಕಿರಿಯ ಸೊಸೆ. ಬಂದು ಐದು ವರ್ಷದಲ್ಲಿ ಎರಡು ಗಂಡು ಹೆತ್ತಿದ್ದೆ, ಅದರ ಜಂಬ ನಡಿಗೆಯಲ್ಲಿಯೇ ಇತ್ತು. ಹಿರಿಯ ಸೊಸೆಯನ್ನು ನಾನು ಅಕ್ಕ ಎನ್ನುತ್ತಿದ್ದೆ. ಅವಳು ನನಗಿಂತ ಆರು ವರ್ಷ ಮೊದಲು ಬಂದವಳು. ಮಕ್ಕಳಿರಲಿಲ್ಲ. ಬಂದ ಮಳೆಗಾಲದಲ್ಲಿಯೇ ತವರಿನ ಹಲಸಿನ ಬೀಜವೊಂದನ್ನು ದನದ ಹಟ್ಟಿಯ ಹಿಂದೆ ಊರಿದ್ದಳು. ಅದು ಹಟ್ಟಿಯ ಮಾಡನ್ನು ಮೀರಿ ಬೆಳೆದಿತ್ತು, ಆದರೆ ಹನ್ನೊಂದು ವರ್ಷದಲ್ಲಿ ಒಂದು ಕಾಯಿಯೂ ಬಿಟ್ಟಿರಲಿಲ್ಲ. ಅತ್ತೆಗೆ ಅಷ್ಟೇ ಸಾಕಾಗಿತ್ತು.

ಗ್ರಹಣಕ್ಕೆ ಎರಡು ದಿನ ಇರುವಾಗ ಅತ್ತೆ ಅಡುಗೆಮನೆಯಲ್ಲಿ ತೀರ್ಪು ಕೊಟ್ಟರು. "ಈ ಸಲ ಆ ಹಲಸನ್ನು ಕೇಳುದು. ಎರಡು ಹೆತ್ತವಳು ಕೊಡಲಿ ಹಿಡಿಯಲಿ. ಮರದ ಪರವಾಗಿ ದೊಡ್ಡವಳೇ ಮಾತಾಡಲಿ, ಅವಳಿಗೆ ಅದರ ಸಂಕಟ ಗೊತ್ತುಂಟಲ್ಲ. ಬರುವ ವರ್ಷಕ್ಕೆ ಮರವೂ ಬಿಡಬೇಕು, ಅವಳಿಗೂ ಆಗಬೇಕು. ಇಲ್ಲದಿದ್ರೆ ಮರ ಒಲೆಗೆ, ಅವಳು ತವರಿಗೆ. ಮಗನಿಗೆ ಬೇರೆ ಹೆಣ್ಣು ನೋಡುದೇ." ಅಕ್ಕ ಅಕ್ಕಿ ಆರಿಸುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

ಇಲ್ಲಿ ನನ್ನ ಪಾಪವನ್ನು ಹೇಳಿಬಿಡಬೇಕು. ತಪ್ಪು ಅಕ್ಕನ ಹೊಟ್ಟೆಯದಲ್ಲ ಎಂದು ನನಗೆ ಗೊತ್ತಿತ್ತು. ಅಕ್ಕನ ಗಂಡ, ನನ್ನ ಬಾವ, ಹರೆಯದಲ್ಲಿ ಕೆಪ್ಪಟರಾಯ, ಅಂದರೆ ಮಂಗನಬಾವು, ಬಂದು ಮಲಗಿದ್ದರಂತೆ. ಆಗ ಕೆನ್ನೆ ಮಾತ್ರವಲ್ಲ, ಕೆಳಗೂ ಬಾತಿತ್ತಂತೆ. ಮದುವೆಯಾಗಿ ಮೂರು ವರ್ಷವಾದ ಮೇಲೆ ತಮ್ಮನನ್ನು ಕರೆದುಕೊಂಡು ಗುಟ್ಟಾಗಿ ಪುತ್ತೂರಿನ ಡಾಕ್ಟರರಿಗೆ ತೋರಿಸಿದಾಗ, ಇವರಿಗೆ ಮಕ್ಕಳಾಗುವುದಿಲ್ಲ ಎಂದು ಅವರು ಹೇಳಿದ್ದರು. ಆ ತಮ್ಮನೇ ನನ್ನ ಗಂಡ. ಮನೆಯಲ್ಲಿ ಬಾಯಿ ಬಿಡುವುದಿಲ್ಲ ಎಂದು ಅಣ್ಣನಿಗೆ ಮಾತು ಕೊಟ್ಟಿದ್ದರು, ನನ್ನಲ್ಲಿ ಮಾತ್ರ ಹೇಳಿ ನನ್ನ ಬಾಯಿಗೂ ಬೀಗ ಹಾಕಿದರು. ಗಂಡನ ಮಾತು ಮೀರಬಾರದೆಂದು ಸುಮ್ಮನಿದ್ದೆ ಎಂದು ನಾನು ಬಹಳ ವರ್ಷ ಹೇಳಿಕೊಂಡೆ. ಅದು ನೆಪ. ಬಾವನಿಗೆ ಮಕ್ಕಳಿಲ್ಲದಿದ್ದರೆ ಗದ್ದೆ, ಗುಡ್ಡೆ ಎಲ್ಲ ನನ್ನ ಮಕ್ಕಳಿಗೆ ಬರುತ್ತಿತ್ತು. ಅಕ್ಕ ತನ್ನದೇ ತಪ್ಪೆಂದು ಕೊರಗುತ್ತಿದ್ದರೆ ಸತ್ಯ ಹೊರಗೆ ಬರುತ್ತಿರಲಿಲ್ಲ, ಮನೆಯವರು ದತ್ತು ತೆಗೆದುಕೊಳ್ಳುವ ಯೋಚನೆ ಮಾಡುತ್ತಿರಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಎಮ್ಮೆಯನ್ನು ಹಿಡಿದುಕೊಟ್ಟವಳು ನಾನು.

ಗ್ರಹಣದ ದಿನ ಬೆಳಗ್ಗೆಯಿಂದಲೇ ಉಪವಾಸ. ಉಪ್ಪಿನಕಾಯಿಯ ಭರಣಿಯ ಮೇಲೂ ಗರಿಕೆ ಇಟ್ಟಿದ್ದೆವು. ರಸ್ತೆಯಲ್ಲಿ ಒಂದು ಬಸ್ಸಿಲ್ಲ. ಮಕ್ಕಳನ್ನು ಕೋಣೆಯೊಳಗೆ ಹಾಕಿ ಚಿಲಕ ಎಳೆದಿದ್ದೆವು. ಮಧ್ಯಾಹ್ನ ಕಳೆದ ಮೇಲೆ ಬೆಳಕು ತೆಳುವಾಗುತ್ತ ಬಂತು, ಕೋಳಿಗಳು ಸಂಜೆಯಾಯಿತೆಂದು ಗೂಡು ಸೇರಿದವು. ಅತ್ತೆ ನಮ್ಮಿಬ್ಬರನ್ನು ಹಟ್ಟಿಯ ಹಿಂದಕ್ಕೆ ಕರೆದೊಯ್ದರು. ನೆರೆಮನೆಯ ಮೂವರು ಹೆಂಗಸರು ತಲೆಗೆ ಸೆರಗು ಹೊದ್ದು ನೋಡಲು ಬಂದಿದ್ದರು. ಬಾವ ಜಗಲಿಯಲ್ಲಿಯೇ ಕುಳಿತಿದ್ದರು. ಹಲಸಿನ ಎಲೆಗಳ ಸಂದಿಯಿಂದ ನೆಲಕ್ಕೆ ಬಿದ್ದ ಬಿಸಿಲಿನ ಚುಕ್ಕೆಗಳೆಲ್ಲ ಹುಲ್ಲು ಕೊಯ್ಯುವ ಕತ್ತಿಯಂತೆ ಬಾಗಿದ್ದವು. ಅಕ್ಕ ಅವುಗಳ ಮೇಲೆ ಕಾಲಿಡದೆ, ದಾಟಿ ದಾಟಿ ಹೋಗಿ ಮರದ ಹಿಂದೆ ನಿಂತಳು.

"ಕಾಯಿ ಬಿಡ್ತಿಯಾ, ಕಡಿಯುದಾ?" ಎಂದು ಕೊಡಲಿಯ ಹಿಂಬದಿಯಿಂದ ಬಡಿದೆ.

"ಕಡಿಬೇಡಿ, ಬರುವ ವರ್ಷ ಬಿಡ್ತೇನೆ."

"ಕೇಳುದಿಲ್ಲ! ಮರಕ್ಕೆ ಸ್ವರ ಇಲ್ವಾ?" ಎಂದು ಅತ್ತೆ ಗದರಿದರು. ಎರಡನೆಯ ಸಲ ಅಕ್ಕ ಗಟ್ಟಿಯಾಗಿ ಹೇಳಿದಳು. ಹೆಂಗಸರು ನಕ್ಕರು. ಆ ನಗು ನನಗೆ ಹಿತವಾಯಿತು, ಈಗ ನೆನೆದರೆ ಅಸಹ್ಯವಾಗುತ್ತದೆ. ಮೂರನೆಯ ಸಲ ಕೇಳುವಾಗ ಕ್ರಮದಲ್ಲಿ ಇಲ್ಲದ್ದನ್ನು ನಾನೇ ಸೇರಿಸಿದೆ: "ಹನ್ನೊಂದು ವರ್ಷ ಕೂತು ತಿಂದದ್ದು ಸಾಕಾಗ್ಲಿಲ್ವಾ? ಬಿಡ್ತಿಯಾ, ಕಡಿಯುದಾ?"

ಯಾರೂ ಹೇಳಿಕೊಟ್ಟದ್ದಲ್ಲ. ಅತ್ತೆಯೂ ಒಮ್ಮೆ ನನ್ನ ಮುಖ ನೋಡಿದರು. ಅಕ್ಕ ಮರದ ಬದಿಯಿಂದ ಇಣುಕಿದಳು. ಅಡಗಿ ನಿಂತವರು ಮುಖ ತೋರಿಸಬಾರದು ಎಂದು ನಿಯಮ. ಅವಳು ತೋರಿಸಿದಳು. ಬಹಳ ಹೊತ್ತು ನನ್ನನ್ನೇ, ನನ್ನ ಬಾಯಿಯನ್ನೇ ನೋಡಿದಳು. ಆಮೇಲೆ "ಬಿಡ್ತೇನೆ" ಎಂದಳು.

ಅತ್ತೆ ಅಂಗಳ ಗುಡಿಸುವ ಹಿಡಿಸೂಡಿಯಿಂದ ಮರಕ್ಕೆ ಮೂರು ಪೆಟ್ಟು ಕೊಟ್ಟರು. ನಾಲ್ಕನೆಯದು ಅಕ್ಕನ ಮೀನಖಂಡದ ಮೇಲೆ ಬಿತ್ತು. ಕೈತಪ್ಪಿ ಬಿದ್ದದ್ದೋ ಎಂದು ಯಾರೂ ಕೇಳಲಿಲ್ಲ. ಮರದ ಬುಡದಲ್ಲಿ ಹೊದ್ಲು ಬೆಲ್ಲ ಇಟ್ಟು ತೆಂಗಿನಕಾಯಿ ಒಡೆದವಳೂ ಅವಳೇ.

ಆ ವರ್ಷವಿಡೀ ಅಕ್ಕ ಪ್ರತಿ ಮಂಗಳವಾರ ಮರಕ್ಕೆ ನೀರು ಹೊಯ್ದು ಕುಂಕುಮ ಇಟ್ಟಳು. ಧನು ತಿಂಗಳ ಚಳಿಯಲ್ಲಿ ಒಂದು ಬೆಳಗ್ಗೆ ಓಡಿ ಬಂದು ನನ್ನ ಕೈ ಹಿಡಿದು ಎಳೆದುಕೊಂಡು ಹೋದಳು. ಕೊಡಲಿಯ ಪೆಟ್ಟು ಬಿದ್ದಲ್ಲಿಯೇ, ಸಿಪ್ಪೆ ಒಡೆದು ಮೂರು ಪುಟ್ಟ ಹಲಸು ಮೂಡಿದ್ದವು. ಮರ ಉಳಿಯಿತು ಎಂದು ಅಕ್ಕ ಮಗುವಿನ ಹಾಗೆ ನಕ್ಕಳು. ಅತ್ತೆ ಬಂದು ನೋಡಿ, "ಮರಕ್ಕಾದ್ರೂ ಮಾನ ಉಂಟು" ಎಂದರು. ಹಲಸು ಹಣ್ಣಾಗುವವರೆಗೂ ಕಾಯಲಿಲ್ಲ. ಎಳೆಯ ಕಾಯಿಗಳನ್ನೇ ಕೊಯ್ದು ಗುಜ್ಜೆ ಪಲ್ಯ ಮಾಡಿ ಬಡಿಸಿದ ವಾರದಲ್ಲಿಯೇ ಅಕ್ಕನ ತವರು ಕೊಯಿಲದಿಂದ ಅವಳ ಅಣ್ಣನನ್ನು ಬರಹೇಳಿದರು. ಬಾವ ಅಂದು ಪೇಟೆಗೆ ಹೋಗಿದ್ದರು. ಅಕ್ಕ ಟ್ರಂಕ್ ಎತ್ತಿಕೊಳ್ಳುವಾಗ ಬಾಗಿಲಲ್ಲಿ ನಿಂತು, "ತಂಗೀ, ನಿನಗೆ ಹೇಳ್ಲಿಕ್ಕೆ ಎಂತದೂ ಇಲ್ವಾ?" ಎಂದು ಕೇಳಿದಳು. "ದೇವರು ಮಾಡಿದ್ದು ಅಕ್ಕಾ, ನಾವೆಂತ ಮಾಡುದು?" ಎಂದೆ. ಪಾಪ, ದೇವರ ಮೇಲೆ ಹಾಕಿಬಿಟ್ಟೆ.

ಬಾವ ಮತ್ತೆ ಮದುವೆಯಾಗಲಿಲ್ಲ. ಹೆಣ್ಣು ನೋಡಲು ಹೊರಡುವ ದಿನವೆಲ್ಲ ಅವರಿಗೆ ಜ್ವರ ಬರುತ್ತಿತ್ತು. ಅತ್ತೆ ತೀರಿಕೊಂಡ ಮೇಲೆ ಆ ಮಾತೂ ನಿಂತಿತು.

ಐದಾರು ವರ್ಷ ಕಳೆದಿರಬೇಕು. ಪುತ್ತೂರಿನ ಬಸ್‌ಸ್ಟ್ಯಾಂಡಿನಲ್ಲಿ ಅಕ್ಕನನ್ನು ಕಂಡೆ. ಅಣ್ಣನ ಮನೆಯ ಜಗಲಿಯಲ್ಲಿ ಬೀಡಿ ಕಟ್ಟಿ ಅವಳ ಬೆರಳ ತುದಿಗಳು ಕಪ್ಪಾಗಿದ್ದವು. ನನ್ನ ಜೊತೆ ಎರಡನೇ ಕ್ಲಾಸಿನ ಸಣ್ಣ ಮಗ ಇದ್ದ. ಅವನಿಗೆ ಅವಳ ಗುರುತಿರಲಿಲ್ಲ. ತಪ್ಪಿಸಿಕೊಳ್ಳಲು ನೋಡಿದೆ, ಅವಳೇ ಹತ್ತಿರ ಬಂದಳು. ಕ್ಷೇಮ ವಿಚಾರಿಸಿದಳು, ಬಾವನದ್ದೂ ಕೇಳಿದಳು. ಆಮೇಲೆ ಸ್ವರ ಏರಿಸದೆ ಹೇಳಿದಳು: "ಪುತ್ತೂರಿನ ಡಾಕ್ಟ್ರು ಎಂತ ಹೇಳಿದ್ರು ಅಂತ ನಿಮ್ಮ ಬಾವ ನನಗೆ ಅವತ್ತೇ ಹೇಳಿದ್ರು. ಕಾಲು ಹಿಡಿದು ಅತ್ತರು, ಮಾನ ಕಳೀಬೇಡ ಅಂತ. ನನ್ನ ಬಾಯಿ ಕಟ್ಟಿತ್ತು. ನಿನ್ನ ಗಂಡ ಅವರ ಒಟ್ಟಿಗೆ ಹೋಗಿದ್ದದ್ದು. ಅವ ನಿನಗೆ ಹೇಳದೆ ಇರ್ತಾನಾ? ಕೊಡಲಿ ಹಿಡಿದ ದಿನವೂ ನೀನು ಹೇಳ್ತೀಯಾ ಅಂತ ಕಾದೆ."

ಆಗಲಾದರೂ ಸತ್ಯ ಹೇಳಿ ಅವಳ ಕಾಲು ಹಿಡಿಯಬಹುದಿತ್ತು. ನಾನು ಮಗನನ್ನು ಬಳಿಗೆ ಎಳೆದುಕೊಂಡೆ. ಅವನ ತಲೆಯ ಮೇಲೆ ಕೈ ಇಟ್ಟು, "ಇವನ ಆಣೆ ಅಕ್ಕಾ, ನನಗೆ..." ಎಂದೆ.

ಮಾತು ಮುಗಿಸಲು ಅಕ್ಕ ಬಿಡಲಿಲ್ಲ. ನನ್ನ ಕೈಯನ್ನು ಗಬಕ್ಕನೆ ಹಿಡಿದು ಅವನ ತಲೆಯಿಂದ ಎತ್ತಿ ಕೆಳಗಿಟ್ಟಳು. "ಮಗುವಿನ ಮೇಲೆ ಹಾಕಬೇಡ ತಂಗೀ, ಅವನೆಂತ ಮಾಡಿದ್ದಾನೆ?" ಎಂದಳು. ಆಮೇಲೆ ಕಡಬದ ಬಸ್ಸು ಬಂತು, ಹತ್ತಿ ಹೋದಳು.