ಉತ್ತರಾಣಿಯ ಉಂಗುರ

ಚಿಂತಾಮಣಿಯ ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದ ಆ ಸಂಶೋಧಕಿ ಕೂತಿದ್ದನ್ನು ನಾನು ನೋಡಿದ್ದೇ ಕಡಿಮೆ. ಕಾಫಿಯನ್ನೂ ಮೆಟ್ಟಿಲ ಹತ್ತಿರ ನಿಂತೇ ಕುಡಿಯುವಳು, ಚಪ್ಪಲಿಗೆ ಅರ್ಧ ಕಾಲು ತೂರಿಸಿಕೊಂಡು. "ಇರಿ, ಇನ್ನೊಂದ್ ಸಲ ನೋಡ್ಬಿಡ್ತೀನಿ" ಎನ್ನುವುದು ಅವಳ ಮಾತು. ಬೀಗ ಹಾಕಿದ ಬಾಗಿಲಿಗೂ ಅದೇ, ಕಾಲೇಜಿನ ಲ್ಯಾಬಿಗೂ ಅದೇ.

ನಮ್ಮಮ್ಮ ಇವತ್ತಿಗೂ ಉತ್ತರಾಣಿ ಬೇರಿನಲ್ಲೇ ಹಲ್ಲುಜ್ಜುವವಳು. ಅದನ್ನು ನೋಡಿ ಇವಳು ಆ ಬೇರನ್ನು ಸ್ಪಿರಿಟ್‌ನಲ್ಲಿ ನೆನೆಸಿ ರಸ ತೆಗೆದಳು. ಅಮ್ಮನ ಬಾಯಿಂದಲೇ ಹತ್ತಿಯಲ್ಲಿ ಒರೆಸಿಕೊಂಡ ಬ್ಯಾಕ್ಟೀರಿಯಾವನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಿ, ರಸದಲ್ಲಿ ಅದ್ದಿದ ಕಾಗದದ ಬಿಲ್ಲೆಯೊಂದನ್ನು ಅದರ ಮೇಲಿಟ್ಟಳು. ಬಿಲ್ಲೆಯ ಸುತ್ತ ಬ್ಯಾಕ್ಟೀರಿಯಾ ಸತ್ತು, ಉಂಗುರದಂತೆ ಖಾಲಿ ಜಾಗ ಮೂಡಿತು. ಅಮ್ಮ ಬೀದಿಗೆಲ್ಲ ಸಾರಿ ಬಂದು ಪಾಯಸ ಮಾಡಿದಳು.

ಲೋಟ ಕೈಗೆ ಬಂದಾಗ ಸಂಶೋಧಕಿಯ ಮುಖ ಇದ್ದಕ್ಕಿದ್ದಂತೆ ಪೆಚ್ಚಾಯಿತು. "ಇರಿ, ಇನ್ನೊಂದ್ ಸಲ..." ಎಂದವಳೇ ಪಾಯಸವನ್ನು ಜಗಲಿಯ ಮೇಲಿಟ್ಟು ಲ್ಯಾಬಿಗೆ ಓಡಿದಳು.

ಮಾರನೆಯ ದಿನ ಬಂದು ನಿಂತೇ ಹೇಳಿದಳು: "ಬೇರಿಲ್ದೆ ಬರೀ ಸ್ಪಿರಿಟ್ ಇಟ್ರೂ ಅಷ್ಟೇ ದೊಡ್ಡ ಉಂಗುರ ಬಂತಮ್ಮ. ಇದನ್ನ ಮೊದಲೇ ನೋಡ್ಬೇಕಿತ್ತು ನಾನು."

"ಹಂಗಾದ್ರೆ ನಮ್ಮ ಉತ್ತರಾಣಿ ಸುಳ್ಳೇನಮ್ಮ?" ಅಮ್ಮನ ದನಿ ಏರಿತು.

"ಸುಳ್ಳು ಅಂತಾನೂ ಗೊತ್ತಾಗ್ಲಿಲ್ವಲ್ಲ. ಅದೇ ನನಗೆ ತಡೆಯೋಕಾಗ್ತಿಲ್ಲ."

ಬೀದಿಯವರಿಗೆ ಏನು ಹೇಳುವುದೆಂದು ಬೈಯಲು ಅಮ್ಮ ಬಾಯಿ ತೆರೆದಳು. ಅಷ್ಟರಲ್ಲಿ ಇವಳು ಚೀಲದಿಂದ ಹತ್ತಿ ಸುತ್ತಿದ ಕಡ್ಡಿ ತೆಗೆದಾಗಿತ್ತು.

"ಈ ಸಲ ಬೇರನ್ನ ನೀರಲ್ಲಿ ನೆನೆಸಿದೀನಿ. ಹಂಗೇ ಇರಿ ಅಮ್ಮ, ಬಾಯ್ ಮುಚ್ಬೇಡಿ."