ಜಪಾನಿನಿಂದ ಬಂದ ತಾವರಗೇರಾ ಇದ್ದಲಿ

ಕೋಳಿಯ ಚರ್ಮವನ್ನು ನಮ್ಮ ಮನೆಯಲ್ಲಿ ಬೆಕ್ಕಿಗೆ ಹಾಕುತ್ತೇವೆ. ಗಂಗಾವತಿಯಿಂದ ಆನೆಗೊಂದಿಗೆ ಹೋಗುವ ದಾರಿಯಲ್ಲಿ ಹೋದ ವರ್ಷ ತೆರೆದ ಜಪಾನಿ ಹೋಟೆಲಿನಲ್ಲಿ ಅದನ್ನೇ ಬಿದಿರು ಕಡ್ಡಿಗೆ ಪೋಣಿಸಿ, ಕೆಂಡದ ಮೇಲೆ ಸುಟ್ಟು, ಕರಿ ತಟ್ಟೆಯಲ್ಲಿ ಎರಡೇ ಎರಡು ಕಡ್ಡಿ ಇಟ್ಟು ಕೊಡುತ್ತಾರೆ. ಜನ ಅದಕ್ಕೆ ಸರದಿ ಕಾಯುತ್ತಾರೆ.

ಆ ಹೋಟೆಲಿಗೆ ಇದ್ದಲಿ ಕೊಡುತ್ತಿದ್ದವನು ನಾನು. ಐದನೆಯ ತರಗತಿಗೆ ಶಾಲೆ ಬಿಟ್ಟು ಅಪ್ಪನ ಹಿಂದೆ ಜಾಲಿ ಕಡಿದು ಇದ್ದಲಿ ಸುಡಲು ಹೋದವನು; ಇವತ್ತಿಗೂ ತಾವರಗೇರಾದ ಸುತ್ತ ಅದೇ ಕೆಲಸ. ಉಳಿದವರು ಇದ್ದಲಿ ಗೂಡು ಬಿಚ್ಚಿದ ಕೂಡಲೇ ನೀರು ಹೊಡೆದು ಆರಿಸುತ್ತಾರೆ. ನಾನು ಕೆಂಪು ಮಸಾರಿ ಮಣ್ಣು ಮುಚ್ಚಿ ಮೂರು ದಿನ ಕಾಯುತ್ತೇನೆ. ನೀರು ಕುಡಿದ ಇದ್ದಲಿ ಒಲೆಯಲ್ಲಿ ಸಿಡಿಯುತ್ತದೆ, ಹೊಗೆ ಕಾರುತ್ತದೆ. ಮಣ್ಣಿನಲ್ಲಿ ಆರಿದ್ದು ಸದ್ದಿಲ್ಲದೆ ಉರಿಯುತ್ತದೆ. ಸೀಳುಗಳಲ್ಲಿ ಕೆಂಪು ಧೂಳು ಕೂತಿರುವುದರಿಂದ ನೋಡಿದ ತಕ್ಷಣ ನನ್ನದೆಂದು ಗೊತ್ತಾಗುತ್ತದೆ. ಕುಷ್ಟಗಿಯ ಕಮ್ಮಾರರು, ಕೊಪ್ಪಳದಲ್ಲಿ ಸೀಖ್ ಕಬಾಬ್ ಸುಡುವವರು "ತಾವರಗೇರಾ ಇದ್ದಲಿ ಐತೇನು?" ಎಂದು ಕೇಳಿಯೇ ಕೊಳ್ಳುತ್ತಾರೆ. ದುಡಿದು ಗಳಿಸಿದ ಹೆಸರು ಅದೊಂದೇ.

ಹೋಟೆಲಿನ ಮಾಲಕ ಒಂದು ಸಂಜೆ ನನ್ನನ್ನೂ ಹೆಂಡತಿಯನ್ನೂ ಊಟಕ್ಕೆ ಕರೆದ. ಒಲೆಯ ಪಕ್ಕದಲ್ಲೇ ಕೂಡಿಸಿದರು. ಅಡುಗೆಯವನು ಯಲಬುರ್ಗಾದವನು. ಅವನಿಗೆ ಕರಿ ನಿಲುವಂಗಿ ತೊಡಿಸಿ, ಹಣೆಗೆ ಬಿಳಿ ಪಟ್ಟಿ ಕಟ್ಟಿದ್ದರು. ಯಾರು ಒಳಗೆ ಬಂದರೂ ಅವನು ಅರ್ಥ ಗೊತ್ತಿಲ್ಲದ ಜಪಾನಿ ಮಾತೊಂದನ್ನು ಕೂಗಬೇಕು. ಬಸ್‌ಸ್ಟ್ಯಾಂಡಿನಲ್ಲಿ "ಕೊಪ್ಪಳ, ಕೊಪ್ಪಳ" ಎನ್ನುವ ಧಾಟಿಯಲ್ಲಿ ಅದನ್ನು ಕೂಗುತ್ತಿದ್ದ.

ಕಡ್ಡಿ ಬಂದವು. ಹೆಂಡತಿ ಒಂದನ್ನು ಎತ್ತಿ ತಿರುಗಿಸಿ ನೋಡಿದಳು. "ಏನ್ರಿ, ಈ ಕೋಳಿಗಿ ಜಡ್ಡು ಬಂದಿತ್ತೇನು? ತುಂಡು ಹುಣಸಿ ಬೀಜದಷ್ಟು ಅದಾವು."

"ಸುಮ್ನಿರು. ಇದು ಜಪಾನ್ ಊಟ."

"ಹಂಗಾರ ಜಪಾನಿನವ್ರು ಉಂಡಮ್ಯಾಲೆ ಮನಿಗಿ ಹೋಗಿ ರೊಟ್ಟಿ ತಿಂತಾರೇನು?"

ಪಕ್ಕದ ಮೇಜಿನಲ್ಲಿ ಗಿಣಿಗೇರಾ ಕಡೆಯ ಕಬ್ಬಿಣದ ಕಾರ್ಖಾನೆಯ ಸಾಹೇಬರು ಏಳೆಂಟು ಮಂದಿ ಕೂತಿದ್ದರು. ಅವರಲ್ಲೊಬ್ಬ ಮಾಲಕನನ್ನು ಕೇಳಿದ: "ಹೊಗೀನ ಇಲ್ಲಲ್ರೀ, ಎಂಥಾ ಇದ್ದಲಿ ಇದು?"

ನಾನು ಕೈ ಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ ನಿಂತು ಮಾಲಕ ಹೇಳಿದ: "ಜಪಾನಿನಿಂದ ತರಸ್ತೇವ್ರಿ ಸರ್. ಅಲ್ಲಿ ಮಣ್ಣು ಮುಚ್ಚಿ ಮೂರು ದಿನ ಆರಸ್ತಾರ್ರಿ. ನಮ್ಮ ಕಡೆ ಮಂದಿಗಿ ಅಷ್ಟು ತಾಳ್ಮಿ ಎಲ್ಲೈತ್ರಿ?"

ಮಣ್ಣಿನ ಮಾತು, ಮೂರು ದಿನದ ಮಾತು, ಎರಡನ್ನೂ ಅವನಿಗೆ ಹೇಳಿಕೊಟ್ಟವನು ನಾನು. ಕೂತಲ್ಲಿಂದಲೇ ಕೇಳಿದೆ: "ಸಾವ್ಕಾರ್ರ, ಹಡಗಿನ್ಯಾಗ ಬಂತೋ, ವಿಮಾನದಾಗ ಬಂತೋ?"

ಅವನು ನಗುತ್ತಲೇ ನನ್ನ ಕಿವಿಗೆ ಬಗ್ಗಿದ. "ಅಣ್ಣಾರ, ತಾವರಗೇರಾ ಅಂದ್ರ ಇಲ್ಲಿಗಿ ಯಾರು ಬರ್ತಾರ್ರಿ? ನಿಮ್ಮ ಚೀಲ ತಪ್ಪದ ಕೊಳ್ತೀನಲ್ಲ, ಸುಮ್ನ ಉಣ್ರಿ."

ಅವನು ಆಚೆ ಹೋದ ಮೇಲೂ ನಾನು ಕೂತೇ ಇದ್ದೆ. ಹೆಂಡತಿ ಕಡ್ಡಿಯನ್ನು ತಟ್ಟೆಗೆ ಎಸೆದಳು. "ಏಳ್ರಿ, ಹೇಳ್ರಿ. ನಿಮ್ಮ ಬಾಯಿಗೂ ಮಣ್ಣು ಮುಚ್ಯಾರೇನು?"

ಎದ್ದೆ. ಒಲೆಯ ಬದಿಯಲ್ಲಿದ್ದ ಇದ್ದಲಿ ಚೀಲದಿಂದ ಎರಡು ತುಂಡು ತೆಗೆದುಕೊಂಡು ಸಾಹೇಬರ ಮೇಜಿಗೆ ಹೋಗಿ ಒಂದಕ್ಕೊಂದು ಬಡಿದೆ. ಚೆನ್ನಾಗಿ ಬೆಂದ ಜಾಲಿಗೆ ಗಾಜಿನ ಬಳೆಯ ನಾದವಿರುತ್ತದೆ. "ಇದು ತಾವರಗೇರಾದ ಜಾಲಿರಿ. ಸುಟ್ಟಾವ ನಾನು. ಈ ಕೆಂಪು ಧೂಳಿ ನೋಡ್ರಿ, ನಮ್ಮೂರ ಮಸಾರಿ."

ಚಪ್ಪಾಳೆ ಹೊಡೆದರು! ಒಬ್ಬ ಫೋನ್ ಎತ್ತಿ "ಇನ್ನೊಮ್ಮಿ ಬಡೀರಿ, ಸ್ವಲ್ಪ ಈ ಕಡೆ ತಿರುಗ್ರಿ" ಎಂದ. ಇನ್ನೊಬ್ಬ ಮಾಲಕನಿಗೆ "ಪ್ರೋಗ್ರಾಂ ಭಾಳ ಛಲೋ ಇಟ್ಟೀರಿ" ಎಂದ. ಇಷ್ಟು ಓದಿದ ಮಂದಿ, ಹಗಲಿಡೀ ಕುಲುಮೆಯ ಎದುರು ಸಂಬಳ ಎಣಿಸುವವರು, ಕಣ್ಣ ಮುಂದೆ ಇಟ್ಟ ಮಣ್ಣನ್ನು ನೋಡಲಿಲ್ಲ. ತುಂಡುಗಳನ್ನು ಅವರ ತಟ್ಟೆಗಳ ನಡುವೆಯೇ ಇಟ್ಟು ಹೊರಗೆ ಬಂದೆ.

ಮೂರನೆಯ ದಿನ ಮಾಲಕನ ಫೋನ್ ಬಂತು. "ಅಣ್ಣಾರ, ಮಂದಿ ಭಾಳ ಮೆಚ್ಚ್ಯಾರ. ಪ್ರತಿ ಶನಿವಾರ ಬಂದು ಹಂಗ ಬಡದು ತೋರಸ್ರಿ. ನಿಮಗೂ ಒಂದು ನಿಲುವಂಗಿ ಹೊಲಸ್ತೀನಿ. ಊರ ಹೆಸರು ಮಾತ್ರ ಹೇಳಬ್ಯಾಡ್ರಿ."

"ಬಾಗಿಲಾಗ ಬೋರ್ಡ್ ಬರಸ್ರಿ, ತಾವರಗೇರಾ ಇದ್ದಲಿ ಅಂತ. ಬರಸಿದ ದಿನ ಚೀಲ ಬರ್ತಾವ. ಅಲ್ಲೀತನಕ ಒಂದೂ ಬರಂಗಿಲ್ಲ."

ಅವನು ನಕ್ಕ. ಚೇಷ್ಟೆ ಅಂದುಕೊಂಡಿರಬೇಕು.

ಈಗ ಅಲ್ಲಿ ನೀರು ಹೊಡೆದ ಇದ್ದಲಿ ಉರಿಸುತ್ತಾರೆ. ಚಟಪಟ ಸಿಡಿಯುತ್ತದೆ ಎಂದು ಆ ಅಡುಗೆಯವನೇ ಹೇಳಿದ. ಜಪಾನಿನ ಇದ್ದಲಿ ಹೀಗೇ ಹಾಡುತ್ತದೆ ಎಂದು ಮಾಲಕ ಹೇಳುತ್ತಾನಂತೆ, ಗಿರಾಕಿಗಳು ಹೊಗೆಗೆ ಕಣ್ಣೊರೆಸಿಕೊಂಡು ನಂಬುತ್ತಾರಂತೆ. ನಂಬಲಿ. ಬೋರ್ಡ್ ಬರೆದಿಲ್ಲ. ನನ್ನ ಗಾಡಿಯೂ ಆ ದಾರಿಗೆ ತಿರುಗಿಲ್ಲ.